ಜೆಡ್ ಬೋಸಾನ್ ತೂಗುವ ಮುನ್ನ ತಕ್ಕಡಿ ತೂಗಿ

ಜೆಡ್ ಬೋಸಾನ್ ಅನ್ನುವ ಮೂಲಕಣ ಹುಟ್ಟಿದ ಜಾಗದಿಂದ ಕದಲುವ ಮೊದಲೇ ಒಡೆದುಹೋಗುತ್ತದೆ. ಒಂದು ಪ್ರೋಟಾನಿನ ಅಗಲ ದಾಟುವಷ್ಟೂ ಅದಕ್ಕೆ ಆಯಸ್ಸಿಲ್ಲ. ಹಿಡಿದು ತಕ್ಕಡಿಗೆ ಹಾಕುವ ಮಾತಂತೂ ಇಲ್ಲವೇ ಇಲ್ಲ. ಆದರೂ ಅದರ ದ್ರವ್ಯರಾಶಿ 91.1876 ಜಿಇವಿ, ತಪ್ಪಿದರೆ 0.0021 ಆಚೀಚೆ ಅಂತ ಪುಸ್ತಕಗಳು ಧೈರ್ಯವಾಗಿ ಅಚ್ಚು ಹಾಕುತ್ತವೆ. (ಜಿಇವಿ ಅಂದರೆ ಕಣಗಳ ಶಕ್ತಿ, ತೂಕ ಎರಡನ್ನೂ ಅಳೆಯುವ ಮಾನ.) ಪ್ರೋಟಾನ್ 0.938 ಜಿಇವಿ ತೂಗುತ್ತದೆ. ಅಂದರೆ ಜೆಡ್ ಒಂದೇ ಕಣವಾಗಿದ್ದೂ ಸುಮಾರು 97 ಪ್ರೋಟಾನುಗಳ ಭಾರ.

ಈ ಅಂಕಿಯನ್ನು ನೀವೇ ನಿಮ್ಮ ಲ್ಯಾಪ್‌ಟಾಪಿನಲ್ಲಿ ಅಳೆಯಬಹುದು. 0.0021ರ ನಿಖರತೆ ಬರುವುದಿಲ್ಲ, ಆದರೆ ಸಾವಿರಕ್ಕೆ ಒಂದು ಪಾಲಿನ ಹತ್ತಿರ ಬರಬಹುದು. ನಾನು ಕಣ ಭೌತವಿಜ್ಞಾನಿಯಲ್ಲ, ಹೊಟ್ಟೆಪಾಡಿಗೆ ಕೋಡ್ ಬರೆಯುವವನು. ರಾತ್ರಿ ಹೊತ್ತು ಕೂತು ಇದನ್ನು ಮಾಡಿದೆ. ಸರಿಯಾಗಿ ಮಾಡುವ ಮೊದಲು ಚೆನ್ನಾಗಿಯೇ ಎಡವಿದೆ. ಎಲ್ಲಿ ಎಡವಿದೆ ಅನ್ನುವುದೇ ಈ ಬರಹದ ಮುಖ್ಯ ಸರಕು. ಉಳಿದದ್ದು ಸುಲಭ.

ಮೊದಲು ಫೈಲ್ ತೆಗೆದುಕೊಳ್ಳಿ

ಜಿನೀವಾ ಬಳಿಯ ಕಣ ಭೌತವಿಜ್ಞಾನ ಪ್ರಯೋಗಾಲಯ ಸರ್ನ್ ತನ್ನ ಪ್ರಯೋಗಗಳ ಡೇಟಾದ ಒಂದಷ್ಟು ಭಾಗವನ್ನು 2014ರಿಂದ ತೆರೆದ ಪೋರ್ಟಲ್‌ನಲ್ಲಿ ಇಟ್ಟಿದೆ. ಲಾಗಿನ್ ಬೇಡ, ಅರ್ಜಿ ಬೇಡ. ಸಿಎಂಎಸ್ ಪ್ರಯೋಗದ ಡೇಟಾದಲ್ಲಿ ಕಲಿಯುವವರಿಗೆಂದೇ ಸಣ್ಣ ಸಿಎಸ್‌ವಿ ಫೈಲುಗಳಿವೆ. 2010ರ ಪ್ರೋಟಾನ್ ಡಿಕ್ಕಿಗಳಿಂದ ಆರಿಸಿದ ಒಂದು ಲಕ್ಷ ಮ್ಯೂವಾನ್ ಜೋಡಿಗಳ ಫೈಲನ್ನು ನಾನು ಆರಿಸಿಕೊಂಡೆ. (ಮ್ಯೂವಾನ್ ಅಂದರೆ ಎಲೆಕ್ಟ್ರಾನಿನ ಭಾರದ ಅಣ್ಣ.) ನಿಮಗೂ ಅದನ್ನೇ ಹೇಳುತ್ತೇನೆ. ಜೆಡ್ ಮಾತ್ರ ಇರುವ ಬೇರೆ ಫೈಲೂ ಇದೆ. ಅದು ಬೇಡ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಒಂದೊಂದು ಸಾಲೂ ಒಂದೊಂದು ಡಿಕ್ಕಿ. ಸಾಲಿನಲ್ಲಿ ಎರಡು ಮ್ಯೂವಾನ್‌ಗಳ ವಿವರ ಇರುತ್ತದೆ: ಶಕ್ತಿ, ಮೂರು ದಿಕ್ಕಿನ ಸಂವೇಗ, ಕೋನಗಳು, ಚಾರ್ಜ್. ಕೊನೆಯ ಕಾಲಂನಲ್ಲಿ ಜೋಡಿಯ ದ್ರವ್ಯರಾಶಿಯನ್ನು ಅವರೇ ಲೆಕ್ಕ ಹಾಕಿ ಕೊಟ್ಟಿದ್ದಾರೆ. ಆ ಕಾಲಂ ಮುಚ್ಚಿಬಿಡಿ. ಉತ್ತರ ನೋಡಿಕೊಂಡು ಲೆಕ್ಕ ಮಾಡಿದರೆ ಏನು ಬಂತು ಮಜಾ, ಅಲ್ವಾ?

ಮ್ಯೂವಾನೇ ಯಾಕೆ ಅಂದರೆ, ಅದು ಡಿಟೆಕ್ಟರನ್ನು ಸೀಳಿಕೊಂಡು ಹೊರಗೆ ಹೋಗುವ ಗಟ್ಟಿ ಕಣ. ಉಳಿದ ಬಹುತೇಕ ಕಣಗಳು ಒಳಗಿನ ಲೋಹದಲ್ಲೇ ಸಿಕ್ಕಿ ಸಾಯುತ್ತವೆ. ಹೊರಪದರದವರೆಗೂ ಗೆರೆ ಬಿಟ್ಟಿದ್ದರೆ ಅದು ಮ್ಯೂವಾನ್ ಅಂತ ಸಾಕಷ್ಟು ಧೈರ್ಯದಿಂದ ಹೇಳಬಹುದು. ಜೆಡ್ ಹೀಗೆ ಮ್ಯೂವಾನ್ ಜೋಡಿಯಾಗಿ ಒಡೆಯುವುದು ನೂರರಲ್ಲಿ ಸುಮಾರು ಮೂರು ಸಲ ಮಾತ್ರ. ಆ ಮೂರೇ ನಮಗೆ ಸಾಕು.

ಒಂದು ಸಾಲನ್ನು ಕೈಯಲ್ಲೇ ಲೆಕ್ಕ ಮಾಡಿ

ಕೋಡ್ ಬರೆಯುವ ಮೊದಲು ಒಂದು ಜೋಡಿಯನ್ನಾದರೂ ಪೆನ್ನು ಹಿಡಿದು ಮಾಡಿ. ಇಡೀ ವಿದ್ಯೆ ಒಂದೇ ಸಾಲಿನಲ್ಲಿದೆ:

ದ್ರವ್ಯರಾಶಿ² = (ಶಕ್ತಿಗಳ ಮೊತ್ತ)² − (ಸಂವೇಗಗಳ ಮೊತ್ತ)²

ಒಡೆಯುವ ಮೊದಲು ಜೆಡ್ ಹತ್ತಿರ ಏನಿತ್ತೋ ಒಡೆದ ಮೇಲೆ ಎರಡು ಮ್ಯೂವಾನ್‌ಗಳ ಹತ್ತಿರ ಸೇರಿ ಅಷ್ಟೇ ಇರಬೇಕು. ಅಪ್ಪ ಸತ್ತ ಮೇಲೆ ಇಬ್ಬರು ಮಕ್ಕಳ ಪಾಲು ಕೂಡಿಸಿ ಆಸ್ತಿ ಎಷ್ಟಿತ್ತು ಅಂತ ಕಂಡುಹಿಡಿದ ಹಾಗೆ.

ಲೆಕ್ಕಕ್ಕೆಂದು ನಾನೇ ಕಟ್ಟಿದ ಒಂದು ಜೋಡಿ ತೆಗೆದುಕೊಳ್ಳೋಣ. ಎಲ್ಲವೂ ಜಿಇವಿಯಲ್ಲಿ. ಮೊದಲ ಮ್ಯೂವಾನಿನ ಸಂವೇಗ 41, 12, 23. ಎರಡನೆಯದರದು −42, −6, −10. ಮ್ಯೂವಾನಿನ ಸ್ವಂತ ತೂಕ 0.10566 ಜಿಇವಿ, ಇಲ್ಲಿ ಅದು ಲೆಕ್ಕಕ್ಕೆ ಬರದಷ್ಟು ಸಣ್ಣದು. ಹಾಗಾಗಿ ಶಕ್ತಿ ಅಂದರೆ ಸಂವೇಗದ ಉದ್ದವೇ. ಮೊದಲನೆಯದಕ್ಕೆ 1681 + 144 + 529, ಅಂದರೆ 2354ರ ವರ್ಗಮೂಲ, 48.518. ಎರಡನೆಯದಕ್ಕೆ 1764 + 36 + 100, ಅಂದರೆ 1900ರ ವರ್ಗಮೂಲ, 43.589. ಕೂಡಿಸಿದರೆ 92.107. ವರ್ಗ ಮಾಡಿದರೆ 8483.7.

ಈಗ ಸಂವೇಗಗಳನ್ನು ದಿಕ್ಕು ದಿಕ್ಕಿಗೆ ಕೂಡಿಸಿ: −1, 6, 13. ವರ್ಗಗಳ ಮೊತ್ತ 206. ಕಳೆದರೆ 8277.7 ಉಳಿಯಿತು. ವರ್ಗಮೂಲ 90.98.

ಒಂದು ಜೋಡಿ ಇಷ್ಟು ಹೇಳಿತು. ಮುಂದಿನದು 88 ಅನ್ನಬಹುದು, ಅದರ ಮುಂದಿನದು 93 ಅನ್ನಬಹುದು. ಅದು ತಪ್ಪಲ್ಲ. ಜೆಡ್‌ಗೆ ಹುಟ್ಟಿನಿಂದಲೇ ಸುಮಾರು 2.5 ಜಿಇವಿ ಅಗಲವಿದೆ. ಬೇಗ ಸಾಯುವ ಕಣಕ್ಕೆ ಖಚಿತವಾದ ಒಂದೇ ತೂಕ ಇರಲು ಕ್ವಾಂಟಂ ನಿಯಮ ಬಿಡುವುದಿಲ್ಲ. ನಾವು ಅಳೆಯುವುದು ಗುಂಪಿನ ನಡುಬಿಂದುವನ್ನು.

ಯಾವ ಜೋಡಿ ಬೇಕು, ಯಾವುದು ಬೇಡ

ಇದನ್ನು ಬೇಗ ಮುಗಿಸೋಣ. ಒಂದು ಮ್ಯೂವಾನ್ ಪ್ಲಸ್, ಇನ್ನೊಂದು ಮೈನಸ್ ಇರಬೇಕು. ಜೆಡ್‌ಗೆ ಚಾರ್ಜ್ ಇಲ್ಲ, ಹಾಗಾಗಿ ಒಂದೇ ಚಾರ್ಜಿನ ಜೋಡಿ ಅದರ ಮಕ್ಕಳಲ್ಲ. ಹಾಗಂತ ಆ ಜೋಡಿಗಳನ್ನು ಬಿಸಾಡಬೇಡಿ, ಬೇರೆ ಇಡಿ. ಸುಮ್ನೆ ಆಕಸ್ಮಿಕವಾಗಿ ಒಟ್ಟಿಗೆ ಬಂದ ಮ್ಯೂವಾನ್‌ಗಳು ಎಷ್ಟಿವೆ ಅಂತ ಅವು ಹೇಳುತ್ತವೆ. ಜೆಡ್‌ಗೆ ಎರಡೂ ಮ್ಯೂವಾನ್‌ಗಳ ಅಡ್ಡ ಸಂವೇಗ (ಡಿಕ್ಕಿ ಹೊಡೆಯುವ ಕಿರಣಕ್ಕೆ ಅಡ್ಡಲಾಗಿರುವ ಸಂವೇಗ) 20 ಜಿಇವಿ ದಾಟಿರಲಿ. ಪೂರ್ತಿ ಡಿಟೆಕ್ಟರಿನಲ್ಲಿ ಗುರುತು ಸಿಕ್ಕ ಮ್ಯೂವಾನ್‌ಗಳಿಗೆ ಫೈಲಿನಲ್ಲಿ ಬೇರೆ ಗುರುತಿದೆ, ಎರಡೂ ಅಂಥವೇ ಆಗಿರಲಿ. ಸಾಕು.

ಉಳಿದ ಜೋಡಿಗಳ ದ್ರವ್ಯರಾಶಿಯನ್ನು 60ರಿಂದ 120ರವರೆಗೆ ಅರ್ಧ ಅರ್ಧ ಜಿಇವಿ ಮನೆಗಳಲ್ಲಿ ಎಣಿಸಿ ಹಿಸ್ಟೋಗ್ರಾಮ್ ಹಾಕಿ. 91ರ ಹತ್ತಿರ ಒಂದು ಗುಡ್ಡ ಎದ್ದು ನಿಲ್ಲುತ್ತದೆ. ಮೊದಲ ಸಲ ಆ ಗುಡ್ಡ ಪರದೆಯ ಮೇಲೆ ಬಂದಾಗ ರಾತ್ರಿ ಒಂದೂವರೆ ಗಂಟೆ. ಯಾರಿಗಾದರೂ ತೋರಿಸೋಣ ಅಂದರೆ ಯಾರೂ ಎದ್ದಿರಲಿಲ್ಲ.

ನಾನು ಕುಣಿದ ರಾತ್ರಿ

ಗುಡ್ಡದ ಮೇಲೆ ಗಂಟೆಯಾಕಾರದ ಗಾಸಿಯನ್ ರೇಖೆ ಕೂರಿಸಿದೆ. ತುದಿ 90.9ರ ಆಸುಪಾಸು ಬಂತು. ಪುಸ್ತಕಕ್ಕಿಂತ ಕಡಿಮೆ. ಡಿಟೆಕ್ಟರಿನ ಅಳತೆಗೋಲು ಸ್ವಲ್ಪ ಕುಗ್ಗಿರಬೇಕು ಅಂದುಕೊಂಡೆ. ಅಳತೆಗೋಲು ಪರೀಕ್ಷಿಸಲು ಇದೇ ಫೈಲಿನಲ್ಲಿ ಇನ್ನೊಂದು ಗುಡ್ಡವಿದೆ: 3.1 ಜಿಇವಿ ಹತ್ತಿರ ಜೆ/ಸೈ ಕಣ. 1974ರ ನವೆಂಬರಿನಲ್ಲಿ ಅಮೆರಿಕದ ಎರಡು ಪ್ರಯೋಗಾಲಯಗಳಲ್ಲಿ, ಬ್ರೂಕ್‌ಹೇವನ್‌ನಲ್ಲಿ ಸ್ಯಾಮ್ಯುಯೆಲ್ ಟಿಂಗ್ ತಂಡವೂ ಸ್ಲ್ಯಾಕ್‌ನಲ್ಲಿ ಬರ್ಟನ್ ರಿಕ್ಟರ್ ತಂಡವೂ ಬೇರೆ ಬೇರೆಯಾಗಿ ಕಂಡ ಕಣ ಅದು. ಎರಡೆರಡು ಹೆಸರು ಬಂದದ್ದು ಅದಕ್ಕೇ. ಅದು ಮೂಲಕಣವಲ್ಲ, ಎರಡು ಕ್ವಾರ್ಕ್‌ಗಳ ಜೋಡಿ. ಆದರೆ ಅದರ ತೂಕ 3096.900 ಎಂಇವಿ, ಅನಿಶ್ಚಿತತೆ ಬರೀ 0.006. (ಸಾವಿರ ಎಂಇವಿ ಸೇರಿದರೆ ಒಂದು ಜಿಇವಿ.) ಇದಕ್ಕಿಂತ ಒಳ್ಳೆಯ ತೂಕದ ಕಲ್ಲು ಎಲ್ಲಿ ಸಿಗುತ್ತದೆ? ಜೆಡ್ ಮಾತ್ರ ಇರುವ ಫೈಲ್ ಬೇಡ ಅಂದದ್ದು ಇದೇ ಕಾರಣಕ್ಕೆ. ಅದರಲ್ಲಿ ಕಲ್ಲು ಇರುವುದಿಲ್ಲ.

ಜೆ/ಸೈ ಗುಡ್ಡಕ್ಕೆ ಫಿಟ್ ಮಾಡಿದೆ. 3.087 ಬಂತು. ಇರಬೇಕಾದ್ದು 3.0969. ಭಾಗಿಸಿದರೆ 1.0032. ಇದರಿಂದ ಜೆಡ್ ಅಂಕಿಯನ್ನು ಗುಣಿಸಿದೆ: 90.9 × 1.0032 = 91.19.

ಕುಣಿದುಬಿಟ್ಟೆ. ಪುಸ್ತಕದ ಉತ್ತರ ಎರಡು ದಶಾಂಶದವರೆಗೂ ಬಂದಿದೆ, ಇನ್ನೇನು ಬೇಕು? ಲ್ಯಾಪ್‌ಟಾಪ್ ಮುಚ್ಚಿ ಮಲಗಿದೆ.

ಬೆಳಿಗ್ಗೆ ಎದ್ದಾಗ ಆ 1.0032 ಗಂಟಲಲ್ಲಿ ಸಿಕ್ಕ ಮುಳ್ಳಿನಂತೆ ಚುಚ್ಚಿತು. ಸಾವಿರಕ್ಕೆ ಮೂರು ಪಾಲು ತಪ್ಪು ಅಂದರೆ ಸಿಎಂಎಸ್‌ನಂಥ ಡಿಟೆಕ್ಟರಿಗೆ ತುಂಬಾ ಜಾಸ್ತಿ ಆಯಿತು. ಅಯಸ್ಕಾಂತ ಸರಿಯಿಲ್ಲವೇನೋ ಅಂತ ಎರಡು ದಿನ ಅವರನ್ನೇ ಅನುಮಾನಿಸಿದೆ. ಕೊನೆಗೆ ಸಿಕ್ಕಿದ್ದು ನನ್ನ ಕೋಡಿನ ಒಂದು ಸಾಲು. ಜೆಡ್‌ಗೆ ಮಾಡಿದ ಹಾಗೆಯೇ ಜೆ/ಸೈಗೂ ಮ್ಯೂವಾನಿನ ಸ್ವಂತ ತೂಕವನ್ನು ಕೈಬಿಟ್ಟಿದ್ದೆ. ಜೆಡ್‌ನಲ್ಲಿ ಅದು ಆನೆಯ ಮೇಲೆ ಕೂತ ನೊಣ. ಜೆ/ಸೈನಲ್ಲಿ ಹಾಗಲ್ಲ. ಲೆಕ್ಕ ನೋಡಿ: ಜೆ/ಸೈನ ವರ್ಗ 9.591. ಎರಡೂ ಮ್ಯೂವಾನ್‌ಗಳ ಸಂವೇಗ ಸಮ ಇದ್ದಾಗ ಬಿಟ್ಟುಹೋಗುವ ಭಾಗ 0.10566ರ ವರ್ಗದ ನಾಲ್ಕು ಪಟ್ಟು, ಅಂದರೆ 0.0447. ಕಳೆದು ವರ್ಗಮೂಲ ತೆಗೆದರೆ 3.0897. ಸೀದಾ 7 ಎಂಇವಿ ಮಾಯ! ಅದನ್ನು ಸರಿಪಡಿಸಿದ ಮೇಲೆ ಜೆ/ಸೈ 3.094ಕ್ಕೆ ಬಂತು. ಸಾವಿರಕ್ಕೆ ಒಂದು ಪಾಲು ಕಡಿಮೆ. ಇದು ನಂಬುವಂಥ ಅಂಕಿ.

ಹಾಗಾದರೆ ಜೆಡ್ 91.19 ಹೇಗೆ ಬಂತು? ಅಲ್ಲಿ ಇನ್ನೊಂದು ತಪ್ಪಿತ್ತು. ಗಾಸಿಯನ್ ರೇಖೆ ಜೆಡ್‌ಗೆ ಹೊಂದುವುದೇ ಇಲ್ಲ. ಎರಡು ತಪ್ಪು ಎದುರುಬದುರು ನಿಂತು ಒಂದನ್ನೊಂದು ತಿಂದು ಹಾಕಿದ್ದವು. ಉತ್ತರ ಸರಿ, ದಾರಿ ಪೂರ್ತಿ ತಪ್ಪು.

ಗುಡ್ಡದ ಆಕಾರ

ಜೆಡ್ ಗುಡ್ಡವನ್ನು ದೊಡ್ಡದು ಮಾಡಿ ನೋಡಿ. ಎಡ ಇಳಿಜಾರು ಬಲದಕ್ಕಿಂತ ಉದ್ದ ಎಳೆದುಕೊಂಡಿರುತ್ತದೆ. ಮ್ಯೂವಾನ್ ಹೊರಡುವಾಗ ಕೆಲವೊಮ್ಮೆ ಒಂದು ಫೋಟಾನ್ ಉದುರಿಸಿ ಹೋಗುತ್ತದೆ. ಆ ಫೋಟಾನಿನ ಪಾಲನ್ನು ನಾವು ಕೂಡಿಸುವುದಿಲ್ಲ. ಹಾಗಾಗಿ ಜೋಡಿಯ ತೂಕ ಕಡಿಮೆ ಕಾಣುತ್ತದೆ. ಜಾಸ್ತಿ ಕಾಣುವಂತೆ ಮಾಡುವ ಇಂಥ ದಾರಿ ಇಲ್ಲ. ಗಾಸಿಯನ್ ಎರಡೂ ಕಡೆ ಒಂದೇ ಸಮ, ಹಾಗಾಗಿ ಆ ಬಾಲ ಅದನ್ನು ಎಡಕ್ಕೆ ಎಳೆದು ಕೂರಿಸುತ್ತದೆ.

ನೀವು ಹೀಗೆ ಮಾಡಿ. ಜೆಡ್‌ನ ಸಹಜ ಆಕಾರಕ್ಕೆ ಬ್ರೈಟ್-ವಿಗ್ನರ್ ಅಂತ ಹೆಸರು. ಚೂಪು ತಲೆ, ಅಗಲ ಪಾದ. ಅಗಲವನ್ನು 2.495 ಜಿಇವಿಗೆ ಕಟ್ಟಿಹಾಕಿ. ಡಿಟೆಕ್ಟರಿನ ಮಸುಕನ್ನು ಅದರ ಮೇಲೆ ಗಾಸಿಯನ್ ಆಗಿ ಹರಡಿ. ಇಂಥ ಮಿಶ್ರಣಕ್ಕೆ ವಾಯ್ಟ್ ರೇಖೆ ಅನ್ನುತ್ತಾರೆ, ಪೈಥಾನ್‌ನ ಸೈಪೈನಲ್ಲಿ ಸಿದ್ಧವಾಗಿಯೇ ಇದೆ. ಕೆಳಗೆ ಹಿನ್ನೆಲೆಗೆ, ಅಂದರೆ ಜೆಡ್‌ನಿಂದ ಬರದ ಜೋಡಿಗಳಿಗೆ, ಇಳಿಯುವ ಒಂದು ಎಕ್ಸ್‌ಪೊನೆನ್ಷಿಯಲ್ ರೇಖೆ ಸೇರಿಸಿ. ಫಿಟ್ ಮಾಡುವ ಕಿಟಕಿಯನ್ನು 86ರಿಂದ 96ಕ್ಕೆ ಕಿರಿದು ಮಾಡಿ, ಬಾಲದ ಬಹುಭಾಗ ಹೊರಗೇ ಉಳಿಯುತ್ತದೆ. ಆಮೇಲೆ ಕಿಟಕಿಯನ್ನು ಒಂದೊಂದು ಜಿಇವಿ ಆಚೀಚೆ ಮಾಡಿ ಉತ್ತರ ಎಷ್ಟು ಅಲುಗುತ್ತದೆ ನೋಡಿ. ಅಲುಗುವಷ್ಟನ್ನು ಅನಿಶ್ಚಿತತೆಗೆ ಸೇರಿಸಿ.

ಇನ್ನೂ ಒಂದು ಸೂಕ್ಷ್ಮ. ಬ್ರೈಟ್-ವಿಗ್ನರ್ ಸೂತ್ರದಲ್ಲೇ ಎರಡು ಪಂಗಡಗಳಿವೆ. ಅಗಲವನ್ನು ಶಕ್ತಿಯ ಜೊತೆ ಬದಲಾಗಲು ಬಿಡುವುದು ಒಂದು, ಬಿಡದಿರುವುದು ಇನ್ನೊಂದು. 91.1876 ಅನ್ನುವುದು ಮೊದಲ ಪಂಗಡದ ಅಂಕಿ. ಎರಡನೆಯ ಸೂತ್ರ ಹಾಕಿದರೆ ಅದೇ ಜೆಡ್ 34 ಎಂಇವಿ ಕಡಿಮೆ ಬರುತ್ತದೆ. ಕಣ ಒಂದೇ, ವ್ಯಾಖ್ಯೆ ಬೇರೆ. ನಮ್ಮ ಲ್ಯಾಪ್‌ಟಾಪ್ ಅಳತೆಗೆ ಇದು ದೊಡ್ಡ ವಿಷಯವಲ್ಲ, ಆದರೆ ಹೋಲಿಸುವಾಗ ನೆನಪಿರಲಿ.

ಎಷ್ಟು ಜೋಡಿ ಬೇಕು? ನಡುಬಿಂದುವಿನ ಅನಿಶ್ಚಿತತೆ ಸುಮಾರಾಗಿ ಗುಡ್ಡದ ಅಗಲವನ್ನು ಎಣಿಕೆಯ ವರ್ಗಮೂಲದಿಂದ ಭಾಗಿಸಿದಷ್ಟು. ಅಗಲ 2.5, ಜೋಡಿ 10,000 ಅಂದುಕೊಳ್ಳಿ. 2.5 ಭಾಗಿಸು 100, ಅಂದರೆ 25 ಎಂಇವಿ. ಹತ್ತು ಸಾವಿರಕ್ಕೇ ಇಷ್ಟು ಚೆನ್ನಾಗಿ ಬರುತ್ತದೆ. ಅಂದರೆ ಎಣಿಕೆಯ ಕೊರತೆ ಬೇಗ ತೀರುತ್ತದೆ. ಅಲ್ಲಿಂದ ಮುಂದೆ ಕಾಡುವುದು ತಕ್ಕಡಿಯೇ.

ನಾಲ್ಕು ಮೈಕ್ರಾನ್

ಸಂವೇಗವನ್ನು ಯಾರೂ ನೇರವಾಗಿ ಅಳೆಯುವುದಿಲ್ಲ. ಅಯಸ್ಕಾಂತ ಕ್ಷೇತ್ರದಲ್ಲಿ ಚಾರ್ಜ್ ಇರುವ ಕಣದ ದಾರಿ ಬಾಗುತ್ತದೆ. ಎಷ್ಟು ಬಾಗಿತು ಅನ್ನುವುದೇ ಅಳತೆ. ಸೂತ್ರ ಸರಳ: ಜಿಇವಿಯಲ್ಲಿ ಸಂವೇಗ = 0.3 × ಟೆಸ್ಲಾದಲ್ಲಿ ಕ್ಷೇತ್ರ × ಮೀಟರಿನಲ್ಲಿ ತ್ರಿಜ್ಯ.

ಸಿಎಂಎಸ್ ಕ್ಷೇತ್ರ 3.8 ಟೆಸ್ಲಾ. ಜೆಡ್‌ನಿಂದ ಬಂದ ಮ್ಯೂವಾನಿಗೆ 45 ಜಿಇವಿ ಅನ್ನೋಣ. ತ್ರಿಜ್ಯ 39 ಮೀಟರಿಗೂ ಜಾಸ್ತಿ. ಅಂದರೆ ದಾರಿ ನೋಡಲು ನೇರವೇ. ಒಳಗಿನ ಸಿಲಿಕಾನ್ ಟ್ರ್ಯಾಕರ್ ಈ ದಾರಿಯ ಸುಮಾರು 1.1 ಮೀಟರನ್ನು ಮಾತ್ರ ನೋಡುತ್ತದೆ. ಆ 1.1 ಮೀಟರಿನ ಎರಡು ತುದಿಗೆ ದಾರ ಎಳೆದು ಕಟ್ಟಿ, ನಡುವೆ ದಾರಿ ದಾರದಿಂದ ಎಷ್ಟು ದೂರ ಉಬ್ಬಿದೆ ಅಂತ ಲೆಕ್ಕ ಹಾಕಿ. ಉದ್ದದ ವರ್ಗವನ್ನು ತ್ರಿಜ್ಯದ ಎಂಟು ಪಟ್ಟಿನಿಂದ ಭಾಗಿಸಬೇಕು. ಸುಮಾರು 3.8 ಮಿಲಿಮೀಟರ್ ಬರುತ್ತದೆ.

ಇಡೀ ಜೆಡ್ ತೂಕ ನಿಂತಿರುವುದು ಈ 3.8 ಮಿಲಿಮೀಟರ್ ಉಬ್ಬಿನ ಮೇಲೆ. ಸಾವಿರಕ್ಕೆ ಒಂದು ಪಾಲು ನಿಖರತೆ ಬೇಕಂದರೆ ಉಬ್ಬನ್ನು 4 ಮೈಕ್ರಾನಿಗೆ ತಿಳಿದಿರಬೇಕು. ತಲೆಗೂದಲು ಇದರ ಹತ್ತಾರು ಪಟ್ಟು ದಪ್ಪ. ಒಂದು ಮನೆಯಷ್ಟು ಎತ್ತರದ ಯಂತ್ರದೊಳಗೆ ಕೂತಿರುವ ಸಿಲಿಕಾನ್ ಹಾಳೆಗಳು ಅಷ್ಟರ ಮಟ್ಟಿಗೆ ಎಲ್ಲಿವೆ ಅಂತ ಗೊತ್ತಿರಬೇಕು. ಈ ಲೆಕ್ಕ ಮಾಡಿದ ದಿನ ಅಯಸ್ಕಾಂತವನ್ನು ಬೈದದ್ದಕ್ಕೆ ನಾಚಿಕೆಯಾಯಿತು.

ತಕ್ಕಡಿ ತಪ್ಪಲು ಮೂರು ದಾರಿಗಳಿವೆ. ಮೂರೂ ಬೇರೆ ಬೇರೆ ಜಾತಿ.

ಕ್ಷೇತ್ರದ ಅಂಕಿ ತಪ್ಪಿದ್ದರೆ ಎಲ್ಲ ಸಂವೇಗಗಳೂ ಒಂದೇ ಪ್ರಮಾಣದಲ್ಲಿ ತಪ್ಪುತ್ತವೆ. ಜೆ/ಸೈ ಸಾವಿರಕ್ಕೆ ಒಂದು ಕಡಿಮೆ ಬಂದರೆ ಜೆಡ್ ಕೂಡ ಸಾವಿರಕ್ಕೆ ಒಂದು ಕಡಿಮೆ. ಇದು ಸಾಧು ಜಾತಿ.

ಎರಡನೆಯದು ಶಕ್ತಿ ನಷ್ಟ. ಮ್ಯೂವಾನ್ ಸಿಲಿಕಾನ್, ತಂತಿ, ಪೈಪುಗಳ ನಡುವೆ ನುಗ್ಗುವಾಗ ಒಂಚೂರು ಶಕ್ತಿ ಸುರಿಸಿಕೊಂಡು ಹೋಗುತ್ತದೆ. ಲೆಕ್ಕಕ್ಕೆ ಸಿಗದೆ 5 ಎಂಇವಿ ಸೋರಿತು ಅಂದುಕೊಳ್ಳಿ. ಜೆ/ಸೈನಿಂದ ಬಂದ 5 ಜಿಇವಿ ಮ್ಯೂವಾನಿಗೆ ಅದು ಸಾವಿರಕ್ಕೆ ಒಂದು ಪಾಲು. ಜೆಡ್‌ನ 45 ಜಿಇವಿ ಮ್ಯೂವಾನಿಗೆ ಅದರ ಒಂಬತ್ತನೇ ಒಂದು ಮಾತ್ರ. ಬಡವನಿಗೆ ಹೊಡೆಯುವ ತೆರಿಗೆ ಇದು.

ಮೂರನೆಯದು ಹಾಳೆಗಳು ಜರುಗಿರುವುದು. ಉಬ್ಬು 4 ಮೈಕ್ರಾನ್ ತಪ್ಪಾಗಿ ಕಂಡಿತು ಅನ್ನೋಣ. 45 ಜಿಇವಿಯಲ್ಲಿ ಅದು ಸಾವಿರಕ್ಕೆ ಒಂದು. 5 ಜಿಇವಿಯಲ್ಲಿ ಉಬ್ಬೇ 34 ಮಿಲಿಮೀಟರ್, ಹಾಗಾಗಿ ಏನೂ ಕಾಣುವುದಿಲ್ಲ. ಇದು ಸಿರಿವಂತನಿಗೆ ಹೊಡೆಯುವ ತೆರಿಗೆ. ಜೊತೆಗೆ ಪ್ಲಸ್ ಮ್ಯೂವಾನ್ ಒಂದು ಕಡೆ, ಮೈನಸ್ ಇನ್ನೊಂದು ಕಡೆ ಬಾಗುವುದರಿಂದ ಒಂದರ ಸಂವೇಗ ಹೆಚ್ಚು, ಇನ್ನೊಂದರದು ಕಡಿಮೆ ಕಾಣುತ್ತದೆ. ಸರಾಸರಿಯಲ್ಲಿ ಇದು ಅಡಗಿ ಕೂರುತ್ತದೆ.

ಹಾಗಾಗಿ ಜೆ/ಸೈನಿಂದ ಸಿಕ್ಕ ಒಂದು ಅಂಕಿಯಿಂದ ಜೆಡ್ ಅನ್ನು ಕಣ್ಣುಮುಚ್ಚಿ ಗುಣಿಸಬೇಡಿ. ಸಾವಿರಕ್ಕೆ ಒಂದು ಕೊರತೆ ಕ್ಷೇತ್ರದ್ದೋ ನಷ್ಟದ್ದೋ ಅಂತ ಜೆ/ಸೈ ಒಂದೇ ಹೇಳಲಾರದು. ಇನ್ನೊಂದು ಕಲ್ಲು ಇಡಿ. ಫೈಲಿನಲ್ಲಿ 9.46 ಜಿಇವಿಗೆ ಅಪ್ಸಿಲಾನ್ ಅನ್ನುವ ಕಣ ಇದೆ, ಪಕ್ಕದಲ್ಲೇ 10.02ಕ್ಕೆ ಮತ್ತು 10.36ಕ್ಕೆ ಅದರ ತಮ್ಮಂದಿರು. ಡಿಟೆಕ್ಟರಿನ ನಡುಭಾಗದ ಮ್ಯೂವಾನ್‌ಗಳನ್ನು ಮಾತ್ರ ಇಟ್ಟರೆ ಅವು ಬೇರೆ ಬೇರೆ ಕಾಣುತ್ತವೆ. ಜೆ/ಸೈ ಜೋಡಿಗಳನ್ನೇ ಕಡಿಮೆ ಸಂವೇಗ, ಹೆಚ್ಚು ಸಂವೇಗ ಅಂತ ಎರಡು ಗುಂಪು ಮಾಡಿದರೂ ಸುಳಿವು ಸಿಗುತ್ತದೆ. ಜೆಡ್‌ಗೆ ಪ್ಲಸ್ ಮ್ಯೂವಾನ್ ಬಲವಾಗಿರುವ ಜೋಡಿಗಳನ್ನು ಬೇರೆ, ಮೈನಸ್ ಬಲವಾಗಿರುವುದನ್ನು ಬೇರೆ ಫಿಟ್ ಮಾಡಿ. ಎರಡು ಉತ್ತರಗಳು ಜಗಳವಾಡಿದರೆ ಹಾಳೆ ಜರುಗಿದೆ ಅಂತಲೇ ಅರ್ಥ.

ಸಾವಿರಕ್ಕೆ ಒಂದು ಪಾಲಿಗೆ ಇಷ್ಟೊಂದು ರಂಪ ಯಾಕೆ ಅಂತ ಕೇಳಬಹುದು. ಜೆಡ್‌ನ ಸೋದರ ಕಣ ಡಬ್ಲ್ಯೂ ಬೋಸಾನ್ ಕಥೆ ನೋಡಿ. ಅಮೆರಿಕದ ಫರ್ಮಿಲ್ಯಾಬ್ ಪ್ರಯೋಗಾಲಯದ ಸಿಡಿಎಫ್ ತಂಡ 2022ರಲ್ಲಿ ಅದರ ತೂಕ 80,433.5 ಎಂಇವಿ, ಅನಿಶ್ಚಿತತೆ 9.4 ಅಂದಿತು. ಸಿಎಂಎಸ್ 2024ರಲ್ಲಿ 80,360.2, ಅನಿಶ್ಚಿತತೆ 9.9 ಅಂದಿತು. ಸಿದ್ಧಾಂತ ಹೇಳುವ ಅಂಕಿಗೆ ಎರಡನೆಯದು ಹತ್ತಿರ. ಇಬ್ಬರ ನಡುವಿನ ವ್ಯತ್ಯಾಸ 73 ಎಂಇವಿ, ಸಾವಿರಕ್ಕೆ ಒಂದಕ್ಕಿಂತ ಕಡಿಮೆ. ಅಷ್ಟರಲ್ಲೇ ಹೊಸ ಭೌತಶಾಸ್ತ್ರ ಇದೆಯೋ ಇಲ್ಲವೋ ಅನ್ನುವ ವಾದ ನಿಂತಿತ್ತು. ಇಬ್ಬರೂ ತಕ್ಕಡಿ ಸರಿಮಾಡಲು ಜೆ/ಸೈ ಕಲ್ಲನ್ನೇ ಬಳಸಿದ್ದರು.

ಎಲ್ಲ ಕಣಕ್ಕೂ ಇದೇ ದಾರಿಯಲ್ಲ

ಡಬ್ಲ್ಯೂಗೆ ನಮ್ಮ ಸೂತ್ರ ನಡೆಯುವುದಿಲ್ಲ. ಅದು ಮ್ಯೂವಾನ್ ಮತ್ತು ನ್ಯೂಟ್ರಿನೊ ಆಗಿ ಒಡೆಯುತ್ತದೆ, ನ್ಯೂಟ್ರಿನೊ ಡಿಟೆಕ್ಟರಿಗೆ ಕಾಣದೆ ಪರಾರಿ. ಮ್ಯೂವಾನಿನ ಅಡ್ಡ ಸಂವೇಗವನ್ನು ಮಾತ್ರ ನೋಡಬೇಕು. ಅದು ಡಬ್ಲ್ಯೂ ತೂಕದ ಅರ್ಧಕ್ಕೆ, ಅಂದರೆ 40 ಜಿಇವಿ ಹತ್ತಿರ, ಏರಿ ಧಡಕ್ಕನೆ ಬೀಳುತ್ತದೆ. ಬೇರೆ ಬೇರೆ ತೂಕ ಇಟ್ಟು ಕಂಪ್ಯೂಟರಿನಲ್ಲಿ ಹುಸಿ ಡೇಟಾ ಹುಟ್ಟಿಸಿ, ಯಾವುದು ನಿಜದ ಆಕಾರಕ್ಕೆ ಹೊಂದುತ್ತದೆ ಅಂತ ನೋಡುತ್ತಾರೆ. ಹಿಗ್ಸ್ ಬೋಸಾನ್‌ಗೆ ಎರಡು ಫೋಟಾನ್, ಇಲ್ಲವೇ ನಾಲ್ಕು ಲೆಪ್ಟಾನ್ (ಎಲೆಕ್ಟ್ರಾನ್, ಮ್ಯೂವಾನ್ ಥರದ ಕಣ). ಸೂತ್ರ ನಮ್ಮದೇ, ಅಂಕಿ 125 ಜಿಇವಿಯ ಹತ್ತಿರ.

ಇನ್ನೊಂದು ಪೂರ್ತಿ ಬೇರೆ ದಾರಿ ಇದೆ. ಒಡೆದ ಚೂರುಗಳನ್ನು ತೂಗುವುದರ ಬದಲು ಡಿಕ್ಕಿ ಹೊಡೆಸುವ ಶಕ್ತಿಯನ್ನೇ ಮೆಲ್ಲಗೆ ಏರಿಸುತ್ತಾ, ಯಾವಾಗ ಕಣ ಜಾಸ್ತಿ ಹುಟ್ಟುತ್ತದೆ ಅಂತ ಎಣಿಸುವುದು. ಸಿಎಂಎಸ್‌ಗೆ ಡಿಕ್ಕಿಗಳನ್ನು ಒದಗಿಸುವ ಎಲ್‌ಎಚ್‌ಸಿ ಯಂತ್ರಕ್ಕಿಂತ ಮೊದಲು ಅದೇ 27 ಕಿಲೋಮೀಟರ್ ಸುರಂಗದಲ್ಲಿದ್ದ ಲೆಪ್ ಯಂತ್ರದಲ್ಲಿ ಜೆಡ್‌ಗೆ ಮಾಡಿದ್ದು ಇದನ್ನೇ. 91.1876 ಬಂದದ್ದು ಅಲ್ಲಿಂದ. ಅಲ್ಲಿ ತಕ್ಕಡಿ ಅಂದರೆ ಎಲೆಕ್ಟ್ರಾನ್ ಕಿರಣದ ಶಕ್ತಿ. ಅದು ದಿನಕ್ಕೊಂದು ಥರ ಆಡುತ್ತಿತ್ತು. ಹುಡುಕಿದರೆ ಒಂದು ಕಾರಣ ಚಂದ್ರ! ಸಮುದ್ರದ ಉಬ್ಬರದಂತೆ ನೆಲವೂ ಉಬ್ಬುತ್ತದೆ, ಸುರಂಗದ ಸುತ್ತಳತೆ ಸುಮಾರು ಒಂದು ಮಿಲಿಮೀಟರ್ ಬದಲಾಗುತ್ತಿತ್ತು. ಜಿನೀವಾ ಸರೋವರದ ನೀರಿನ ಮಟ್ಟದ್ದೂ ಪಾಲಿತ್ತು. ಹಗಲು ಹೊತ್ತಿನ ಇನ್ನೊಂದು ಗಲಾಟೆಗೆ ಕಾರಣ ವಿದ್ಯುತ್ ರೈಲುಗಳು. ಹಳಿಯಿಂದ ಸೋರಿದ ಕರೆಂಟ್ ನೆಲದ ಮೂಲಕ ಹರಿದು ಯಂತ್ರದ ಕೊಳವೆಗೆ ಹತ್ತುತ್ತಿತ್ತು. ನಡುರಾತ್ರಿ ರೈಲು ನಿಂತಾಗ ಅದೂ ತಣ್ಣಗಾಗುತ್ತಿತ್ತು.

ಗೆಳೆಯನ ಲಕೋಟೆ

ಕುಣಿದ ರಾತ್ರಿಯ ನಂತರ ನನ್ನ ಮೇಲೆ ನನಗೇ ನಂಬಿಕೆ ಹೋಗಿತ್ತು. ಪುಸ್ತಕದ ಉತ್ತರ ಗೊತ್ತಿದ್ದರೆ ಕೈ ತಾನಾಗಿ ಅತ್ತ ಹೋಗುತ್ತದೆ. ಉತ್ತರ ಬಂದ ಕೂಡಲೇ ತಪ್ಪು ಹುಡುಕುವುದು ನಿಲ್ಲುತ್ತದೆ. ದೊಡ್ಡ ಪ್ರಯೋಗಗಳಲ್ಲಿ ಇದಕ್ಕೆ ಮದ್ದು ಇದೆ. ಕೊನೆಯವರೆಗೂ ಉತ್ತರಕ್ಕೆ ಒಂದು ಗುಟ್ಟಿನ ಅಂಕಿ ಸೇರಿಸಿ ಮುಚ್ಚಿಡುತ್ತಾರೆ. ಎಲ್ಲ ಪರೀಕ್ಷೆ ಮುಗಿದ ಮೇಲೆ ತೆರೆಯುತ್ತಾರೆ.

ನಾನು ಒಬ್ಬ ಗೆಳೆಯನಿಗೆ ಫೈಲ್ ಕಳಿಸಿದೆ. 0.99 ಮತ್ತು 1.01ರ ನಡುವೆ ಯಾವುದಾದರೂ ಅಂಕಿ ಆರಿಸು, ಎಲ್ಲ ಸಂವೇಗಗಳನ್ನೂ ಅದರಿಂದ ಗುಣಿಸು, ಶಕ್ತಿಯ ಮತ್ತು ದ್ರವ್ಯರಾಶಿಯ ಕಾಲಂ ಅಳಿಸು, ಅಂಕಿಯನ್ನು ಚೀಟಿಯಲ್ಲಿ ಬರೆದು ಲಕೋಟೆಯಲ್ಲಿ ಇಡು ಅಂದೆ. ಈಗ ಜೆಡ್ ಎಲ್ಲಿ ಬಂದರೂ ನನಗೆ ಸರಿಯೋ ತಪ್ಪೋ ಗೊತ್ತಾಗುವುದಿಲ್ಲ. ಜೆ/ಸೈ ಕಲ್ಲಿನಿಂದಲೇ ಗುಟ್ಟಿನ ಅಂಕಿ ಕಂಡುಹಿಡಿಯಬೇಕು, ಆಮೇಲೆ ಜೆಡ್ ಸರಿಮಾಡಬೇಕು. ನೀವೂ ಇದನ್ನು ಮಾಡಿ. ನಾನು ಹೇಳುವ ಬೇರೆ ಎಲ್ಲವನ್ನೂ ಬಿಟ್ಟರೂ ಇದನ್ನು ಬಿಡಬೇಡಿ.

ಅವನ ಫೈಲ್ ಮುಟ್ಟುವ ಮೊದಲು ಹುಸಿ ಡೇಟಾದಲ್ಲಿ ಕೋಡ್ ಪರೀಕ್ಷಿಸಿಕೊಂಡೆ. 91.0, 91.2, 91.4 ಅಂತ ಮೂರು ತೂಕ ಇಟ್ಟು ಕಂಪ್ಯೂಟರಿನಲ್ಲಿ ಜೋಡಿಗಳನ್ನು ಹುಟ್ಟಿಸಿ, ಇಟ್ಟದ್ದೇ ವಾಪಸ್ ಬರುತ್ತದೆಯೇ ಅಂತ ನೋಡಿದೆ. 91.4 ಇಟ್ಟಾಗ 91.3 ಬಂತು. ಹಿನ್ನೆಲೆಯ ಇಳಿಜಾರನ್ನು ಮೊದಲೇ ಕಟ್ಟಿಹಾಕಿದ್ದೆ, ಅದೇ ತಪ್ಪು. ಬಿಡಿಸಿದೆ, ಸರಿಹೋಯಿತು.

ಆಮೇಲೆ ಅವನ ಫೈಲ್. ಮ್ಯೂವಾನ್ ತೂಕ ಸೇರಿಸಿಯೇ ಜೆ/ಸೈ ಫಿಟ್ ಮಾಡಿದೆ, ಈ ಸಲ ಮರೆಯಲಿಲ್ಲ. ಗುಟ್ಟಿನ ಅಂಕಿ 0.9953 ಅಂತ ಬರೆದುಕೊಂಡೆ, ಅನಿಶ್ಚಿತತೆ 0.0002. ಅದನ್ನು ತೆಗೆದು ಜೆಡ್ ಫಿಟ್ ಮಾಡಿದರೆ 91.14. ಎಣಿಕೆಯ ಅನಿಶ್ಚಿತತೆ 0.04, ಜೆ/ಸೈನಿಂದ ಜೆಡ್‌ವರೆಗೆ ತಕ್ಕಡಿಯನ್ನು ಎಳೆದು ತಂದದ್ದಕ್ಕೆ ಇನ್ನೂ 0.10. ಇಷ್ಟನ್ನೂ ಅವನಿಗೆ ಕಳಿಸಿದ ಮೇಲೆ ಲಕೋಟೆ ಒಡೆಯಲು ಹೇಳಿದೆ.

ಚೀಟಿಯಲ್ಲಿ 0.9962 ಅಂತಿತ್ತು. ಸೋತೆ ಅಂದ ಗೆಳೆಯ. 0.0009 ವ್ಯತ್ಯಾಸ, ನಾನು ಹೇಳಿದ ಅನಿಶ್ಚಿತತೆಯ ನಾಲ್ಕು ಪಟ್ಟಿಗೂ ಜಾಸ್ತಿ. ಒಂದು ಗಂಟೆ ಸುಮ್ಮನೆ ಕೂತೆ. ಆಮೇಲೆ ನೆನಪಾಯಿತು: ಅವನು ಗುಣಿಸುವ ಮೊದಲೇ ಆ ಫೈಲಿನಲ್ಲಿ ಜೆ/ಸೈ 3.094ರಲ್ಲಿತ್ತು, 3.0969ರಲ್ಲಿ ಅಲ್ಲ. ಭಾಗಿಸಿದರೆ 0.9991. ಅವನ 0.9962ಕ್ಕೆ ಡಿಟೆಕ್ಟರಿನ 0.9991 ಗುಣಿಸಿದೆ.

0.9953.